ಮೈಗೆ ಹಚ್ಚುವ ಸುಗಂಧ ತೈಲ: ಮದೀನಾದ ಮಸೀದಿಯಿಂದ ಮೈಸೂರಿನ ಗಂಧದವರೆಗೆ

ಸ್ನಾನ ಮುಗಿಸಿ ಮೈಗೆ ಸುವಾಸನೆಯುಳ್ಳ ಲೋಷನ್ ಹಚ್ಚಿಕೊಳ್ಳುವುದು ಇಂದು ನಮ್ಮ ಮನೆಗಳಲ್ಲಿ ಸಾಮಾನ್ಯ ರೂಢಿಯಾಗಿದೆ. ಚಳಿಗಾಲದ ಒಣಹವೆಗೆ ಮಕ್ಕಳ ಕೈಕಾಲು ಬಿರಿಯದಿರಲೆಂದು ತಾಯಂದಿರು ಹಚ್ಚುತ್ತಾರೆ, ವೃದ್ಧರು ತುರಿಕೆಗೆ ಹಚ್ಚಿಕೊಳ್ಳುತ್ತಾರೆ, ಯುವಕ ಯುವತಿಯರು ಪರಿಮಳಕ್ಕಾಗಿ ಹಚ್ಚಿಕೊಳ್ಳುತ್ತಾರೆ. ಈ ಸಣ್ಣ ರೂಢಿಯ ಬಗ್ಗೆ ಸಮುದಾಯದಲ್ಲಿ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ದೇಹವನ್ನು ಹೀಗೆ ಮುದ್ದಿಸುವುದು ದುನಿಯಾದ ಮೋಹವೇ ಹೊರತು ದೀನ್‌ದಾರರಿಗೆ ಒಪ್ಪುವ ಕೆಲಸವಲ್ಲ ಎಂಬುದು ಒಂದು. ಇನ್ನೊಂದು ಅಂಗಡಿಯವರ ಮಾತು. ಅವರು ಬಾಟಲಿಯ ಮೇಲೆ 'ಸುನ್ನತ್' ಎಂಬ ಪದವನ್ನು ಅಚ್ಚುಹಾಕಿ, ಅದನ್ನು ಕೊಂಡುಕೊಂಡರೆ ಪುಣ್ಯವೂ ಜೊತೆಗೆ ಬರುತ್ತದೆ ಎಂಬಂತೆ ಮಾರುತ್ತಾರೆ. ಇವೆರಡೂ ಚರಿತ್ರೆಯನ್ನು ನೋಡದೆ ಆಡಿದ ಮಾತುಗಳೆಂದು ನಾವು ಭಾವಿಸುತ್ತೇವೆ. ಮೈಗೆ ಹಚ್ಚುವ ಸುಗಂಧ ತೈಲಕ್ಕೆ ಮುಸ್ಲಿಮರ ಚರಿತ್ರೆಯಲ್ಲಿ ಸಾವಿರದ ನಾನೂರು ವರ್ಷಗಳ ದಾಖಲೆಯಿದೆ. ಆ ದಾಖಲೆ ಆರಂಭವಾಗುವುದು ಬಾದಶಹರ ಅರಮನೆಯಲ್ಲಲ್ಲ, ಬೆವರಿದ ಕೂಲಿಗಾರರ ನಡುವೆ.

ಮೊದಲು ಒಂದು ಪದದ ಪರಿಚಯವಾಗಲಿ. ಹದೀಸ್ ಗ್ರಂಥಗಳಲ್ಲಿ 'ತೀಬ್' ಮತ್ತು 'ದುಹ್ನ್' ಎಂಬ ಎರಡು ಪದಗಳು ಅಕ್ಕಪಕ್ಕದಲ್ಲಿ ಬರುತ್ತವೆ. ತೀಬ್ ಎಂದರೆ ಸುಗಂಧದ್ರವ್ಯ. ದುಹ್ನ್ ಎಂದರೆ ತಲೆಗೂದಲಿಗೆ ಮತ್ತು ಚರ್ಮಕ್ಕೆ ಹಚ್ಚುವ ಎಣ್ಣೆ. ಎಣ್ಣೆಯಲ್ಲಿ ಪರಿಮಳವನ್ನು ಸೇರಿಸಿದಾಗ ಎರಡೂ ಒಂದಾಗುತ್ತವೆ. ಇಂದಿನ ಲೋಷನ್ನಿನ ಪೂರ್ವಜ ಯಾವುದೆಂದು ಕೇಳಿದರೆ ಈ ದುಹ್ನ್ ಎಂದೇ ಹೇಳಬೇಕು. ವ್ಯತ್ಯಾಸವಿಷ್ಟೇ: ಹಿಂದಿನದು ಬಹುಮಟ್ಟಿಗೆ ಶುದ್ಧ ಎಣ್ಣೆ. ಇಂದಿನದರಲ್ಲಿ ನೀರೇ ಹೆಚ್ಚು. ನೀರೂ ಎಣ್ಣೆಯೂ ಬೇರ್ಪಡದಂತೆ ಹಿಡಿದಿಡುವ ಒಂದು ಪದಾರ್ಥ, ತೇವವನ್ನು ಉಳಿಸುವ ಗ್ಲಿಸರಿನ್, ಕೊನೆಗೆ ಪರಿಮಳ, ಇವು ಅದರೊಡನೆ ಸೇರಿರುತ್ತವೆ.

ಮರುಭೂಮಿಯ ಒಣಗಾಳಿಯಲ್ಲಿ ಬದುಕಿದ ಅರಬರಿಗೆ ಎಣ್ಣೆ ಅಲಂಕಾರವಾಗುವುದಕ್ಕಿಂತ ಮೊದಲು ಅಗತ್ಯವಾಗಿತ್ತು. ಪವಿತ್ರ ಕುರ್‌ಆನಿನ ಅನ್ನೂರ್ ಅಧ್ಯಾಯದಲ್ಲಿ ಆಲಿವ್ ಮರವನ್ನು ಅನುಗ್ರಹೀತ ವೃಕ್ಷವೆಂದು ಕರೆಯಲಾಗಿದೆ. ಅಲ್ ಮುಅ್ಮಿನೂನ್ ಅಧ್ಯಾಯದಲ್ಲಿ ಸಿನಾಯ್ ಬೆಟ್ಟದ ಕಡೆ ಬೆಳೆದು ಎಣ್ಣೆಯನ್ನೂ ವ್ಯಂಜನವನ್ನೂ ಕೊಡುವ ಮರದ ಪ್ರಸ್ತಾಪವಿದೆ. ಆಲಿವ್ ಎಣ್ಣೆಯನ್ನು ತಿನ್ನಬೇಕೆಂದೂ ಮೈಗೆ ಹಚ್ಚಿಕೊಳ್ಳಬೇಕೆಂದೂ ಪ್ರವಾದಿವರ್ಯರು(ಸ) ಹೇಳಿದ್ದನ್ನು ಇಮಾಮ್ ತಿರ್ಮಿದಿ ಮತ್ತು ಇಬ್ನು ಮಾಜ ವರದಿ ಮಾಡಿದ್ದಾರೆ. ಇದು ನಮ್ಮ ಓದುಗರಲ್ಲಿ ಹಲವರಿಗೆ ತಿಳಿದ ವಿಷಯ. ಆದರೆ ಇದಕ್ಕಿಂತ ಹೆಚ್ಚು ಬೆಳಕು ಚೆಲ್ಲುವ, ಆದರೆ ಮಿಂಬರಿನಿಂದ ಅಪರೂಪಕ್ಕೆ ಕೇಳಿಬರುವ ಇನ್ನೊಂದು ವರದಿ ಸುನನ್ ಅಬೂದಾವೂದಿನಲ್ಲಿದೆ.

ಇರಾಕಿನ ಕೆಲವರು ಹ. ಅಬ್ದುಲ್ಲಾ ಇಬ್ನು ಅಬ್ಬಾಸ್(ರ) ಅವರ ಬಳಿ ಬಂದು, ಜುಮುಅದ ದಿನದ ಸ್ನಾನ ಕಡ್ಡಾಯವೇ ಎಂದು ವಿಚಾರಿಸಿದರು. ಕಡ್ಡಾಯವಲ್ಲ, ಆದರೆ ಅದು ಹೆಚ್ಚು ಶುದ್ಧವಾದುದು ಮತ್ತು ಉತ್ತಮವಾದುದು ಎಂದು ಅವರು ಉತ್ತರಿಸಿದರು. ಅಲ್ಲಿಗೇ ನಿಲ್ಲಿಸದೆ, ಈ ಸ್ನಾನ ಹೇಗೆ ಆರಂಭವಾಯಿತು ಎಂಬ ಚರಿತ್ರೆಯನ್ನೂ ವಿವರಿಸಿದರು. ಅಂದಿನ ಜನರು ದುಡಿದು ದಣಿದವರು. ಉಣ್ಣೆಯ ಬಟ್ಟೆ ತೊಟ್ಟು ಬೆನ್ನ ಮೇಲೆ ಹೊರೆ ಹೊರುತ್ತಿದ್ದವರು. ಅವರ ಮಸೀದಿ ಇಕ್ಕಟ್ಟಾದುದು, ಅದರ ಮಾಡು ತಗ್ಗಿನದು, ಹೇಳಬೇಕೆಂದರೆ ಒಂದು ಚಪ್ಪರ ಅಷ್ಟೇ. ಸೆಕೆಯ ಒಂದು ದಿನ ಪ್ರವಾದಿವರ್ಯರು(ಸ) ಮಸೀದಿಗೆ ಬಂದಾಗ ಜನರು ಆ ಉಣ್ಣೆಯೊಳಗೆ ಬೆವರಿದ್ದರು. ಒಬ್ಬರ ವಾಸನೆ ಇನ್ನೊಬ್ಬರಿಗೆ ಹಿಂಸೆಯಾಗುತ್ತಿತ್ತು. ಅದು ಪ್ರವಾದಿವರ್ಯರ(ಸ) ಗಮನಕ್ಕೆ ಬಂತು. ಈ ದಿನ ಬಂದಾಗ ಸ್ನಾನ ಮಾಡಿರಿ, ನಿಮ್ಮಲ್ಲಿ ಪ್ರತಿಯೊಬ್ಬನೂ ತನ್ನ ಬಳಿಯಿರುವ ಅತ್ಯುತ್ತಮ ದುಹ್ನ್ ಮತ್ತು ತೀಬನ್ನು ಹಚ್ಚಿಕೊಳ್ಳಲಿ ಎಂದು ಅವರು ಜನರಿಗೆ ತಿಳಿಸಿದರು.

ಈ ವರದಿಯ ಮುಂದಿನ ಭಾಗವೂ ಅಷ್ಟೇ ಮುಖ್ಯ. ಅನಂತರ ಅಲ್ಲಾಹನು ಜನರಿಗೆ ಸ್ಥಿತಿವಂತಿಕೆಯನ್ನು ಕೊಟ್ಟನು. ಅವರು ಉಣ್ಣೆಯಲ್ಲದ ಬಟ್ಟೆ ತೊಟ್ಟರು, ದೈಹಿಕ ದುಡಿಮೆಯಿಂದ ಬಿಡುಗಡೆ ಹೊಂದಿದರು, ಮಸೀದಿಯೂ ವಿಸ್ತಾರವಾಯಿತು. ಬೆವರಿನಿಂದ ಒಬ್ಬರಿಗೊಬ್ಬರು ಆಗುತ್ತಿದ್ದ ಉಪದ್ರವ ತಗ್ಗಿತು. ಇದಿಷ್ಟನ್ನೂ ಇಬ್ನು ಅಬ್ಬಾಸ್(ರ) ಅವರೇ ಹೇಳುತ್ತಾರೆ. ಒಂದು ಆಚರಣೆಯ ಹಿಂದಿನ ಬಟ್ಟೆ, ಕಸುಬು, ಕಟ್ಟಡದ ಎತ್ತರ, ಹವೆ ಇವೆಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡು ಸಹಾಬಿಯೊಬ್ಬರು ಸಮಾಜದ ಚರಿತ್ರೆಯನ್ನು ಹೇಳುತ್ತಿರುವುದನ್ನು ಇಲ್ಲಿ ಕಾಣುತ್ತೇವೆ. ಉಮ್ಮುಲ್ ಮುಅ್ಮಿನೀನ್ ಆಯಿಶಾ(ರ) ಅವರ ವರದಿ ಇದಕ್ಕೆ ಪುಷ್ಟಿ ಕೊಡುತ್ತದೆ. ಜನರು ತಮ್ಮ ಮನೆಗಳಿಂದಲೂ ಮದೀನಾದ ಮೇಲುಭಾಗದ ಹಳ್ಳಿಗಳಿಂದಲೂ ಧೂಳು ಬೆವರು ಮೆತ್ತಿಕೊಂಡು ಜುಮುಅಕ್ಕೆ ಬರುತ್ತಿದ್ದರೆಂದು ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿ ಅವರ ಮಾತಾಗಿ ದಾಖಲಾಗಿದೆ.

ಹ. ಸಲ್ಮಾನ್ ಫಾರಿಸಿ(ರ) ವರದಿ ಮಾಡಿದ ಬುಖಾರಿಯ ಹದೀಸಿನಲ್ಲಿ ಜುಮುಅದ ಪ್ರತಿಫಲಕ್ಕೆ ಒಂದು ಕ್ರಮವನ್ನು ಹೇಳಲಾಗಿದೆ. ಸ್ನಾನ ಮಾಡಬೇಕು, ಸಾಧ್ಯವಾದಷ್ಟು ಶುಚಿಯಾಗಬೇಕು, ತನ್ನ ದುಹ್ನ್ ಹಚ್ಚಿಕೊಳ್ಳಬೇಕು ಅಥವಾ ತನ್ನ ಮನೆಯಲ್ಲಿರುವ ಸುಗಂಧವನ್ನು ಸವರಿಕೊಳ್ಳಬೇಕು, ಅನಂತರ ಹೋಗಿ ಕುಳಿತ ಇಬ್ಬರ ನಡುವೆ ನುಗ್ಗಬಾರದು. ಎಣ್ಣೆ ಹಚ್ಚುವುದು ಮತ್ತು ಇಬ್ಬರ ನಡುವೆ ನುಗ್ಗದಿರುವುದು ಒಂದೇ ಸಾಲಿನಲ್ಲಿ ಬಂದಿರುವುದನ್ನು ಓದುಗರು ಗಮನಿಸಬೇಕು. ಎರಡೂ ಪಕ್ಕದಲ್ಲಿ ಕುಳಿತವನ ಹಕ್ಕುಗಳು. ತನ್ನ 'ಮನೆಯಲ್ಲಿರುವ' ಸುಗಂಧ ಎಂಬ ಮಾತೂ ಅರ್ಥಪೂರ್ಣ. ಇಲ್ಲದುದನ್ನು ಸಾಲ ಮಾಡಿ ತರಬೇಕೆಂದು ಯಾರೂ ಹೇಳಲಿಲ್ಲ.

ಪ್ರವಾದಿವರ್ಯರು(ಸ) ಸುಗಂಧವನ್ನು ಯಾರಾದರೂ ಕೊಟ್ಟರೆ ತಿರಸ್ಕರಿಸುತ್ತಿರಲಿಲ್ಲವೆಂದು ಹ. ಅನಸ್(ರ) ಹೇಳಿದ್ದಾರೆ. ಮಸೀದಿಯನ್ನು ಶುಚಿಯಾಗಿಟ್ಟು ಪರಿಮಳಗೊಳಿಸಬೇಕೆಂಬ ಆದೇಶವೂ ಇತ್ತು. ಪ್ರವಾದಿಯವರ ಮಸೀದಿಯಲ್ಲಿ ಧೂಪ ಹಾಕುವ ಕೆಲಸದಿಂದಲೇ ನುಐಮ್ ಎಂಬ ತಾಬಿಈ ಒಬ್ಬರಿಗೆ 'ಅಲ್ ಮುಜ್ಮಿರ್', ಅಂದರೆ ಧೂಪ ಹಾಕುವವರು, ಎಂಬ ಹೆಸರು ನಿಂತಿತು. ಅವರು ಹ. ಅಬೂಹುರೈರಾ(ರ) ಅವರ ಶಿಷ್ಯರು. ಅವರ ಹೆಸರಿನಲ್ಲಿ ಬಂದ ಹದೀಸುಗಳನ್ನು ನಾವು ಇಂದಿಗೂ ಮದ್ರಸಗಳಲ್ಲಿ ಓದುತ್ತೇವೆ.

ಹಾಗಾದರೆ ಎಷ್ಟು ಹಚ್ಚಿಕೊಂಡರೂ ಸರಿಯೇ? ಇಲ್ಲ. ತಲೆ ಬಾಚಿ ಒಪ್ಪ ಮಾಡಿಕೊಳ್ಳುವುದನ್ನು ದಿನ ಬಿಟ್ಟು ದಿನ ಮಾಡುವ ಹೊರತು ನಿತ್ಯದ ಗೀಳಾಗಿ ಮಾಡಿಕೊಳ್ಳುವುದನ್ನು ಪ್ರವಾದಿವರ್ಯರು(ಸ) ತಡೆದಿದ್ದರೆಂದು ಹ. ಅಬ್ದುಲ್ಲಾ ಇಬ್ನು ಮುಗಫ್ಫಲ್(ರ) ವರದಿ ಮಾಡಿದ್ದಾರೆ. ಹ. ಫುಳಾಲ ಇಬ್ನು ಉಬೈದ್(ರ) ಅವರ ಘಟನೆ ಇನ್ನೂ ಸ್ವಾರಸ್ಯಕರ. ಅವರು ಈಜಿಪ್ಟಿನಲ್ಲಿ ಅಧಿಕಾರಿಯಾಗಿದ್ದಾಗ ಇನ್ನೊಬ್ಬ ಸಹಾಬಿ ಒಂದು ಹದೀಸನ್ನು ವಿಚಾರಿಸಲು ದೂರದಿಂದ ಬಂದರು. ನಾಡಿನ ಅಮೀರನಾಗಿದ್ದೂ ನಿಮ್ಮ ತಲೆಗೂದಲು ಹೀಗೇಕೆ ಕೆದರಿದೆ ಎಂದು ಬಂದವರು ಕೇಳಿದರು. 'ಇರ್ಫಾಹ್' ಅತಿಯಾಗುವುದನ್ನು ಪ್ರವಾದಿವರ್ಯರು(ಸ) ನಮಗೆ ತಡೆದಿದ್ದರು ಎಂದು ಫುಳಾಲ(ರ) ಉತ್ತರಿಸಿದರು. ಇರ್ಫಾಹ್ ಎಂದರೆ ಸುಖಲೋಲುಪತೆ. ಬಿಡುವಿಲ್ಲದೆ ಎಣ್ಣೆ ಹಚ್ಚುತ್ತ, ತಲೆ ಬಾಚುತ್ತ ಕೂರುವುದು ಎಂದು ಅದಕ್ಕೆ ವಿದ್ವಾಂಸರು ಅರ್ಥ ಹೇಳಿದ್ದಾರೆ. ಇತ್ತ ಕೂದಲು ಕೆದರಿಕೊಂಡು ಬಂದ ಒಬ್ಬನನ್ನು ಕಂಡು, ಇವನಿಗೆ ಕೂದಲು ಒಪ್ಪಮಾಡಿಕೊಳ್ಳಲು ಏನೂ ಸಿಗಲಿಲ್ಲವೇ ಎಂದು ಪ್ರವಾದಿವರ್ಯರೇ(ಸ) ಕೇಳಿದ ವರದಿಯೂ ಅಬೂದಾವೂದಿನಲ್ಲೇ ಇದೆ. ಈ ಎರಡು ವರದಿಗಳಲ್ಲಿ ಒಂದನ್ನು ಮರೆಮಾಚಿ ಇನ್ನೊಂದನ್ನಷ್ಟೇ ಹೇಳುವವರು ಕೇಳುಗರಿಗೆ ಅರ್ಧ ದೀನನ್ನು ತಲುಪಿಸುತ್ತಾರೆ.

ಮಹಿಳೆಯರ ಬದುಕಿನಲ್ಲಿ ಈ ತೈಲಕ್ಕೆ ಇನ್ನೊಂದು ಸ್ಥಾನವಿತ್ತು. ಉಮ್ಮುಲ್ ಮುಅ್ಮಿನೀನ್ ಉಮ್ಮು ಹಬೀಬಾ(ರ) ಅವರ ತಂದೆ ಅಬೂಸುಫ್ಯಾನ್(ರ) ತೀರಿಕೊಂಡ ಸುದ್ದಿ ಬಂತು. ಮೂರನೆಯ ದಿನ ಅವರು ಹಳದಿ ಬಣ್ಣದ ಸುಗಂಧವನ್ನು ತರಿಸಿಕೊಂಡು ಕೆನ್ನೆಗಳಿಗೂ ಮುಂಗೈಗಳಿಗೂ ಸವರಿಕೊಂಡರು. ಅದು ಕೇಸರಿ ಬೆರೆಸಿದ 'ಖಲೂಕ್' ಎಂಬ ಲೇಪನ. ನನಗೆ ಇದರ ಅಗತ್ಯವೇನೂ ಇರಲಿಲ್ಲ ಎಂದು ಅವರೇ ಸ್ಪಷ್ಟಪಡಿಸಿದರು. ಪತಿಯ ಹೊರತು ಬೇರೆ ಯಾರ ಮರಣಕ್ಕೂ ಮೂರು ದಿನಕ್ಕಿಂತ ಹೆಚ್ಚು ಶೋಕಾಚರಣೆ ಮಾಡುವುದು ವಿಶ್ವಾಸಿನಿಗೆ ಸಮ್ಮತವಲ್ಲವೆಂದು ಪ್ರವಾದಿವರ್ಯರಿಂದ(ಸ) ಕೇಳಿದ್ದೇನೆ, ಆದ್ದರಿಂದ ಹಚ್ಚಿಕೊಂಡೆ ಎಂದರು. ಇದನ್ನು ವರದಿ ಮಾಡಿದ ಝೈನಬ್ ಬಿಂತ್ ಅಬೀಸಲಮಾ(ರ), ಸಹೋದರ ತೀರಿಕೊಂಡಾಗ ಝೈನಬ್ ಬಿಂತ್ ಜಹ್ಶ್(ರ) ಕೂಡ ಹೀಗೆಯೇ ಮಾಡಿದ್ದನ್ನು ಕಂಡಿದ್ದರು. ತಂದೆಯನ್ನು ಕಳೆದುಕೊಂಡ ಮಗಳು ಮೂರನೆಯ ದಿನ ಮೈಗೆ ಪರಿಮಳ ಸವರಿಕೊಳ್ಳುವುದು ಎಷ್ಟು ಭಾರದ ಕೆಲಸವಾಗಿದ್ದಿರಬೇಕು! ಬದುಕಿಗೆ ಮರಳುವ ಆಜ್ಞಾಪಾಲನೆಯಾಗಿ ಅವರು ಅದನ್ನು ಮಾಡಿದರು. ನಮ್ಮ ಕೆಲವು ಮನೆಗಳಲ್ಲಿ ತಂದೆ ತಾಯಿ ಅಗಲಿದ ಮೇಲೆ ಹೆಣ್ಣುಮಕ್ಕಳು ತಿಂಗಳುಗಟ್ಟಲೆ ತಲೆಗೆ ಎಣ್ಣೆ ಮುಟ್ಟಿಸದಿರುವುದನ್ನೇ ಗೌರವವೆಂದು ತಿಳಿಯುವವರು ಈ ಘಟನೆಯನ್ನು ಓದಬೇಕು.

ಮದೀನಾದ ಕಾಲ ಮುಗಿದು ಇಸ್ಲಾಮೀ ರಾಜ್ಯ ಇರಾಕ್, ಫಾರ್ಸ್‌ಗಳಿಗೆ ಹಬ್ಬಿದ ಮೇಲೆ ದುಹ್ನ್ ಒಂದು ದೊಡ್ಡ ಕೈಗಾರಿಕೆಯಾಯಿತು. ನುಗ್ಗೆಯ ಜಾತಿಗೆ ಸೇರಿದ 'ಬಾನ್' ಮರದ ಬೀಜದ ಎಣ್ಣೆ ಇದಕ್ಕೆ ಬಹಳ ಬೇಡಿಕೆಯ ಪದಾರ್ಥವಾಗಿತ್ತು. ಅದಕ್ಕೆ ಸ್ವಂತ ವಾಸನೆ ಇಲ್ಲವೆನ್ನುವಷ್ಟು ಕಡಿಮೆ, ಬೇಗನೆ ಕಮಟುವುದೂ ಇಲ್ಲ. ಕಸ್ತೂರಿ ಮತ್ತು ಅಂಬರನ್ನು ಬಾನ್ ಎಣ್ಣೆಯಲ್ಲಿ ಅರೆದು ಮಾಡಿದ ಲೇಪನವನ್ನು 'ಗಾಲಿಯ' ಎನ್ನುತ್ತಿದ್ದರು. ಆ ಪದಕ್ಕೇ ದುಬಾರಿ ಎಂಬ ಅರ್ಥವಿದೆ. ಬಡವರಿಗೂ ಮಧ್ಯಮ ವರ್ಗದವರಿಗೂ ಹೂವಿನ ಎಣ್ಣೆಗಳಿದ್ದವು. ಎಳ್ಳನ್ನೋ ಸಿಪ್ಪೆ ತೆಗೆದ ಬಾದಾಮಿಯನ್ನೋ ತಾಜಾ ಹೂಗಳ ನಡುವೆ ಪದರ ಪದರವಾಗಿ ಹರಡುವುದು, ಹೂ ಬಾಡಿದಂತೆ ತೆಗೆದು ಹೊಸ ಹೂ ಹಾಕುವುದು, ಕಾಳು ಪರಿಮಳವನ್ನು ಪೂರ್ತಿ ಹೀರಿಕೊಂಡ ಮೇಲೆ ಗಾಣಕ್ಕೆ ಹಾಕುವುದು. ಒಲೆಯ ಶಾಖವೇ ತಾಗದ ಈ ವಿಧಾನ ಹೂವಿನ ಕೋಮಲ ಗಂಧವನ್ನು ಕೆಡಿಸುವುದಿಲ್ಲ. ನಮ್ಮ ದೇಶದಲ್ಲಿ 'ಫುಲೇಲ್' ಎಂದು ಕರೆಯಲಾಗುವ ಮಲ್ಲಿಗೆಯ ತಲೆಗೆಣ್ಣೆಯನ್ನು ತಯಾರಿಸುವ ಹಳೆಯ ಕ್ರಮವೂ ಇದೇ ಆಗಿದೆ.

ಫಾರ್ಸ್ ಪ್ರಾಂತದ ಸಾಬೂರ್ ಪಟ್ಟಣದಲ್ಲಿ ಹತ್ತು ಬಗೆಯ ಸುಗಂಧ ತೈಲಗಳು ತಯಾರಾಗುತ್ತಿದ್ದುದನ್ನು 10ನೇ ಶತಮಾನದ ಭೂಗೋಳ ಬರಹಗಾರರು ದಾಖಲಿಸಿದ್ದಾರೆ. ಬನಫ್ಶಾ, ನೈದಿಲೆ, ನರ್ಗಿಸ್, ಖರ್ಜೂರದ ಹೂ, ಕಿತ್ತಳೆ ಮುಂತಾದವುಗಳ ಎಣ್ಣೆಗಳು ಅದರಲ್ಲಿದ್ದವು. ಅದೇ ಪ್ರಾಂತದ ಜೂರ್ ಪಟ್ಟಣ, ಅಂದರೆ ಇಂದಿನ ಇರಾನಿನ ಫಿರೋಝಾಬಾದ್, ಗುಲಾಬಿ ನೀರಿಗೆ ಹೆಸರಾಗಿತ್ತು. ಅಲ್ಲಿನ ಗುಲಾಬಿ ನೀರು ದೂರದ ನಾಡುಗಳಿಗೆ ಹಡಗೇರಿ ಹೋಗುತ್ತಿತ್ತೆಂದು ಇಸ್ತಖ್ರಿ ಮತ್ತು ಇಬ್ನು ಹೌಕಲ್ ಬರೆಯುತ್ತಾರೆ. ಖಲೀಫ ಮಅ್ಮೂನರ ಕಾಲದ ತೆರಿಗೆಪಟ್ಟಿಯನ್ನು ಇಬ್ನು ಖಲ್ದೂನ್ ತಮ್ಮ ಮುಕದ್ದಿಮಾದಲ್ಲಿ ಕೊಟ್ಟಿದ್ದು, ಫಾರ್ಸ್ ಪ್ರಾಂತದಿಂದ ಸಲ್ಲುತ್ತಿದ್ದ 30,000 ಬಾಟಲಿ ಗುಲಾಬಿ ನೀರು ಅದರಲ್ಲಿ ಸೇರಿದೆ.

ಇಲ್ಲಿ ನಮ್ಮಲ್ಲಿ ಬೇರೂರಿದ ಒಂದು ತಪ್ಪು ತಿಳಿವಳಿಕೆಯ ಬಗ್ಗೆ ಹೇಳಬೇಕು. ಗುಲಾಬಿ ನೀರನ್ನು ಭಟ್ಟಿ ಇಳಿಸುವ ವಿದ್ಯೆಯನ್ನು ಇಬ್ನು ಸೀನಾ ಕಂಡುಹಿಡಿದರೆಂದು ಭಾಷಣಗಳಲ್ಲೂ ವಾಟ್ಸಾಪ್ ಸಂದೇಶಗಳಲ್ಲೂ ಹೇಳಲಾಗುತ್ತದೆ. ಇಬ್ನು ಸೀನಾ ಹುಟ್ಟಿದ್ದು 980ರಲ್ಲಿ. ಜೂರಿನ ಗುಲಾಬಿ ನೀರು ಅದಕ್ಕಿಂತ ಮೊದಲೇ ಲೋಕದ ಪೇಟೆಗಳಲ್ಲಿ ಮಾರಾಟವಾಗುತ್ತಿತ್ತು. ಸುಮಾರು 873ರಲ್ಲಿ ತೀರಿಕೊಂಡ ಅಲ್ ಕಿಂದಿಯವರ ಹೆಸರಿನಲ್ಲಿರುವ ಸುಗಂಧ ರಸಾಯನ ಮತ್ತು ಭಟ್ಟಿ ಇಳಿಸುವಿಕೆಯ ಗ್ರಂಥದಲ್ಲಿ ಆ ವಿಧಾನದ ವಿವರಣೆಯಿದೆ. ಇಬ್ನು ಸೀನಾ ಅವರ ಹಿರಿಮೆ ಬೇರೆ ಕಡೆ ಸಾಕಷ್ಟಿದೆ. ಹೃದಯಕ್ಕೆ ಬಲ ಕೊಡುವ ಔಷಧಿಗಳ ಮೇಲೆ ಅವರು ಬರೆದ ಪುಸ್ತಕವೊಂದರಲ್ಲಿ ಸುಗಂಧದ್ರವ್ಯಗಳಿಗೆ ಗೌರವದ ಸ್ಥಾನವಿದೆ. ತಮ್ಮದಲ್ಲದ ಕಿರೀಟವನ್ನು ಅವರ ತಲೆಗೆ ತೊಡಿಸಿ, ಹೆಸರೇ ಉಳಿಯದ ಜೂರಿನ ಕಸುಬುದಾರರ ದುಡಿಮೆಯನ್ನು ಮರೆಯುವುದು ನ್ಯಾಯವಲ್ಲ.

ಅಲ್ ಕಿಂದಿಯವರ ಆ ಗ್ರಂಥದಲ್ಲಿ ನೂರಕ್ಕೂ ಹೆಚ್ಚು ತಯಾರಿಕಾ ವಿಧಾನಗಳಿವೆ. ಗಾಲಿಯ, ಸುಗಂಧ ತೈಲ, ಪರಿಮಳದ ನೀರುಗಳು ಇವೆಲ್ಲ ಇವೆ. ಜೊತೆಗೆ ದುಬಾರಿ ಕಸ್ತೂರಿಯ ಬದಲಿಗೆ ಅಗ್ಗದ ಪದಾರ್ಥಗಳಿಂದ ಅದರಂತೆಯೇ ಇರುವ ವಸ್ತುವನ್ನು ಮಾಡುವ ವಿಧಾನಗಳೂ ಇವೆ. ಬದಲಿಯೆಂದು ಹೇಳಿ ಮಾರಿದರೆ ಅದು ಬಡವನಿಗೆ ಉಪಕಾರ. ಅಸಲಿಯೆಂದು ಮಾರಿದರೆ ಮೋಸ. ಈ ಗೆರೆಯನ್ನು ಕಾಯುವುದಕ್ಕಾಗಿ ಪೇಟೆಯಲ್ಲಿ 'ಮುಹ್ತಸಿಬ್' ಎಂಬ ಅಧಿಕಾರಿ ಇದ್ದನು. ಸಿರಿಯಾದ ಶೈಝರಿ ಎಂಬ ವಿದ್ವಾಂಸರು 12ನೇ ಶತಮಾನದಲ್ಲಿ ಮುಹ್ತಸಿಬರಿಗಾಗಿ ಬರೆದ ಕೈಪಿಡಿಯಲ್ಲಿ ಅತ್ತಾರರ, ಅಂದರೆ ಸುಗಂಧ ವ್ಯಾಪಾರಿಗಳ ಕುರಿತು ಒಂದು ಅಧ್ಯಾಯವೇ ಇದೆ. ಕಸ್ತೂರಿ, ಅಂಬರ್, ಕೇಸರಿ ಮೊದಲಾದವುಗಳಿಗೆ ಏನೇನು ಬೆರಕೆ ಮಾಡುತ್ತಾರೆ, ಅದನ್ನು ಪತ್ತೆ ಹಚ್ಚುವುದು ಹೇಗೆ ಎಂಬುದನ್ನು ಅವರು ಒಂದೊಂದಾಗಿ ವಿವರಿಸುತ್ತಾರೆ. ಇಂದಿನ ನಮ್ಮ ಅತ್ತರ್ ವ್ಯಾಪಾರಿಗಳಲ್ಲಿ ಪ್ರಾಮಾಣಿಕರು ಬಹಳ ಮಂದಿ ಇದ್ದಾರೆ. ಆದರೂ ಲಿಕ್ವಿಡ್ ಪ್ಯಾರಫಿನ್ನಿನಲ್ಲಿ ಕೃತಕ ಪರಿಮಳ ಬೆರೆಸಿ, ಅದನ್ನು ಅಸಲಿ ಊದ್ ಎಂದು ಮಸೀದಿಯ ಗೇಟಿನ ಬಳಿಯೇ ಮಾರುವುದು ನಡೆಯುತ್ತಿದ್ದರೆ ಅದನ್ನು ಕೇಳುವ ಮುಹ್ತಸಿಬ್ ಇಂದು ಯಾರು? ಒದ್ದೆಯಾದ ಧಾನ್ಯವನ್ನು ರಾಶಿಯ ಕೆಳಗೆ ಅಡಗಿಸಿಟ್ಟಿದ್ದ ವ್ಯಾಪಾರಿಗೆ ಪ್ರವಾದಿವರ್ಯರು(ಸ) ಕೊಟ್ಟ ಎಚ್ಚರಿಕೆ ಬಾಟಲಿಗಳಿಗೂ ಅನ್ವಯಿಸುತ್ತದೆ.

ಸ್ಪೇನಿನ ಕುರ್ತುಬಾ ನಗರದ ಬಳಿ ಬಾಳಿದ ಅಝ್ಝಹ್ರಾವಿ (936–1013) ಶಸ್ತ್ರಚಿಕಿತ್ಸೆಗೆ ಪ್ರಸಿದ್ಧರು. ಅವರ 'ಅತ್ತಸ್ರೀಫ್' ಮೂವತ್ತು ಭಾಗಗಳ ವೈದ್ಯಕೀಯ ಗ್ರಂಥ. ಅದರ 19ನೇ ಭಾಗವನ್ನು ಅವರು ಸುಗಂಧ ಮತ್ತು ಸೌಂದರ್ಯ ಸಾಧನಗಳಿಗೇ ಮೀಸಲಿಟ್ಟರು. ಚರ್ಮ, ಕೂದಲು, ಹಲ್ಲುಗಳ ಆರೈಕೆಯನ್ನು ಅವರು ಶೋಕಿಯೆಂದು ತಳ್ಳಿಹಾಕದೆ ವೈದ್ಯಶಾಸ್ತ್ರದ ಒಂದು ಶಾಖೆಯಾಗಿ ಕಂಡರು. ಮೇಣ ಮತ್ತು ಎಣ್ಣೆಯನ್ನು ಕರಗಿಸಿ ಮಾಡುವ 'ಕೈರೂತಿ' ಎಂಬ ಮೃದು ಲೇಪನ ಗ್ರೀಕ್ ವೈದ್ಯ ಜಾಲೀನೂಸರ ಕಾಲದಿಂದಲೂ ಬಂದುದು. ಅರಬ್ ವೈದ್ಯರು ಅದನ್ನು ಹೆಸರಿನ ಸಮೇತ ಸ್ವೀಕರಿಸಿದರು. ಯೂನಾನಿ ವೈದ್ಯರ ಬಳಿ ಕೈರೂತಿ, ರೋಗನ್ ಬನಫ್ಶಾ, ರೋಗನ್ ಗುಲ್ ಎಂಬ ಹೆಸರುಗಳು ಇಂದಿಗೂ ಬಳಕೆಯಲ್ಲಿವೆ. ಬೆಂಗಳೂರಿನಲ್ಲಿ ರಾಷ್ಟ್ರೀಯ ಯೂನಾನಿ ವೈದ್ಯಕೀಯ ಸಂಸ್ಥೆ ಇರುವ ನಮ್ಮ ರಾಜ್ಯದವರಿಗೆ ಈ ಹೆಸರುಗಳು ಪರಕೀಯವಾಗಬೇಕಾಗಿಲ್ಲ.

ಹಿಂದೂಸ್ತಾನಕ್ಕೆ ಬಂದಾಗ ಇಲ್ಲಿ ಆಗಲೇ ಗಂಧ, ಅರಿಶಿನ, ಎಣ್ಣೆಸ್ನಾನಗಳ ಪ್ರಾಚೀನ ಪರಂಪರೆ ಇತ್ತು. ಎರಡು ಪರಂಪರೆಗಳು ಬೆರೆತವು. ಮಾಂಡುವಿನ ಸುಲ್ತಾನ್ ಗಿಯಾಸ್ ಶಾಹ್ ಅವರ ಅರಮನೆಯ 'ನಿಅ್ಮತ್‌ನಾಮ' ಗ್ರಂಥದಲ್ಲಿ ಅಡುಗೆಯ ಜೊತೆಯಲ್ಲೇ ಸುಗಂಧ ಲೇಪನಗಳ ವಿಧಾನಗಳಿವೆ. ಅಕ್ಬರರ ಸುಗಂಧಶಾಲೆಯ ವಿವರವನ್ನು ಅಬುಲ್ ಫಝ್ಲ್ ಆಈನೆ ಅಕ್ಬರಿಯಲ್ಲಿ ಬರೆದಿದ್ದಾರೆ. ಪರಿಮಳದ ಹೂಗಳಿಂದ ತೆಗೆದ ಎಣ್ಣೆಯನ್ನು ಚರ್ಮಕ್ಕೂ ಕೂದಲಿಗೂ ಬಳಸುತ್ತಿದ್ದರೆಂದು ಅಲ್ಲಿ ಸ್ಪಷ್ಟವಾಗಿ ಹೇಳಲಾಗಿದೆ. ಗಂಧ ಮತ್ತು ಗುಲಾಬಿ ನೀರು ಸೇರಿದ 'ಅರ್ಗಜಾ' ಬೇಸಿಗೆಯಲ್ಲಿ ಮೈಯನ್ನು ತಂಪಾಗಿಡಲು ಹಚ್ಚುವ ಲೇಪನವಾಗಿತ್ತು. ಜಹಾಂಗೀರರ ಕಾಲದಲ್ಲಿ ನೂರ್‌ಜಹಾನರ ತಾಯಿ ಅಸ್ಮತ್ ಬೇಗಂ ಗುಲಾಬಿ ನೀರನ್ನು ತಯಾರಿಸುವಾಗ, ಬಿಸಿ ನೀರನ್ನು ಸುರಿದ ಪಾತ್ರೆಗಳ ಮೇಲೆ ತೆಳುವಾದ ಜಿಡ್ಡು ಕಟ್ಟುವುದನ್ನು ಗಮನಿಸಿದರು. ಅದನ್ನು ಸ್ವಲ್ಪ ಸ್ವಲ್ಪವಾಗಿ ಸಂಗ್ರಹಿಸಿದಾಗ ಅದೇ ಗುಲಾಬಿ ಅತ್ತರ್ ಆಯಿತು. ಸಲೀಮಾ ಸುಲ್ತಾನ್ ಬೇಗಂ ಅದಕ್ಕೆ 'ಇತ್ರೆ ಜಹಾಂಗೀರಿ' ಎಂದು ಹೆಸರಿಟ್ಟರು. ಜಹಾಂಗೀರರು ತಮ್ಮ ಆತ್ಮಕಥೆಯಲ್ಲಿ ಈ ಶೋಧದ ಕೀರ್ತಿಯನ್ನು ಮರೆಮಾಚದೆ ಅತ್ತೆಗೇ ಕೊಟ್ಟು, ಅದಕ್ಕಾಗಿ ಮುತ್ತಿನ ಹಾರವನ್ನು ಕಾಣಿಕೆಯಾಗಿ ನೀಡಿದ್ದನ್ನೂ ಬರೆದಿದ್ದಾರೆ. ಆದರೆ ಅತ್ತರಿಗೆ ಹೆಸರು ಮಾತ್ರ ಬಾದಶಹರದೇ ಉಳಿಯಿತು!

ನಮ್ಮ ನಾಡೂ ಈ ಚರಿತ್ರೆಯ ಹೊರಗಿಲ್ಲ. ಬಿಜಾಪುರದ ಎರಡನೇ ಇಬ್ರಾಹೀಮ್ ಆದಿಲ್ ಶಾಹ್ (ಆಳ್ವಿಕೆ 1580–1627) ಅವರನ್ನು ಕನ್ನಡಿಗರು ಜಗದ್ಗುರು ಬಾದಶಹನೆಂದು ನೆನೆಯುತ್ತಾರೆ, ಅವರ ಸಂಗೀತಪ್ರೇಮವನ್ನು ಹೊಗಳುತ್ತಾರೆ. ಅವರ ಆಸ್ಥಾನಕ್ಕಾಗಿ 'ಇತ್ರೆ ನೌರಸ್ ಶಾಹಿ' ಎಂಬ ಸುಗಂಧ ತಯಾರಿಕೆಯ ಗ್ರಂಥವೊಂದು ಪರ್ಷಿಯನ್ ಭಾಷೆಯಲ್ಲಿ ರಚಿತವಾದುದು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಈ ಗ್ರಂಥವನ್ನು ಯಾರಾದರೂ ಸಮರ್ಥರು ಕನ್ನಡಕ್ಕೆ ತಂದರೆ ಅದು ನಮ್ಮ ಭಾಷೆಗೆ ಸಲ್ಲುವ ಒಳ್ಳೆಯ ಸೇವೆಯಾದೀತು. ಇನ್ನು ಮೈಸೂರಿನ ಗಂಧ. ಕನ್ನೌಜಿನ ಭಟ್ಟಿಗಳಲ್ಲಿ ಹೂವಿನ ಆವಿಯನ್ನು ಹಿಡಿದಿಡಲು ಪಾತ್ರೆಯ ತಳದಲ್ಲಿ ಗಂಧದೆಣ್ಣೆಯನ್ನು ಇಡುತ್ತಿದ್ದರು. ಗುಲಾಬಿಯಾಗಲಿ, ಕೇದಗೆಯಾಗಲಿ, ಹಳೆಯ ಅತ್ತರಿನ ನೆಲೆ ಗಂಧವೇ. ಆ ಗಂಧಕ್ಕೆ ಮೈಸೂರು ಸೀಮೆಯ ಕಾಡುಗಳು ದೊಡ್ಡ ಆಕರ. ಟಿಪ್ಪು ಸುಲ್ತಾನರು 1792ರಲ್ಲಿ ಗಂಧದ ಮರವನ್ನು ರಾಜವೃಕ್ಷವೆಂದು ಘೋಷಿಸಿದರು. ಮೊದಲ ಮಹಾಯುದ್ಧದಲ್ಲಿ ಯುರೋಪಿಗೆ ಗಂಧದ ರಫ್ತು ಕಡಿದುಹೋದಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1916ರಲ್ಲಿ, ಎಣ್ಣೆಯನ್ನು ಇಲ್ಲಿಯೇ ತೆಗೆಯುವ ಕಾರ್ಖಾನೆ ಆರಂಭವಾಯಿತು. ಅದರ ಬೆನ್ನಿಗೇ ಗಂಧದ ಸಾಬೂನೂ ಬಂತು.

ಅರಮನೆಗಳು ಈ ವಿದ್ಯೆಯನ್ನು ಸೂಕ್ಷ್ಮಗೊಳಿಸಿದವು ಎಂಬುದು ನಿಜ. ಆದರೆ ಚಪ್ಪರದ ಮಸೀದಿಯಲ್ಲಿ ಪಕ್ಕದವನಿಗಾಗಿ ಹಚ್ಚಿಕೊಂಡ ಎಣ್ಣೆ ಅಲ್ಲಿ ಪ್ರತಿಷ್ಠೆಯ ವಸ್ತುವಾಯಿತು. ಈ ಬದಲಾವಣೆಯನ್ನು ಬಹಳ ಮೊದಲೇ ಗುರುತಿಸಿದವರು ಇಮಾಮ್ ಗಝ್ಝಾಲಿ (ನಿಧನ 1111). ಇಹ್ಯಾ ಗ್ರಂಥದ ನಿಯ್ಯತ್ ಕುರಿತಾದ ಭಾಗದಲ್ಲಿ ಅವರು ಆರಿಸಿಕೊಂಡ ಉದಾಹರಣೆಯೇ ಜುಮುಅದ ದಿನದ ಸುಗಂಧ. ಸಂಪತ್ತಿನ ಪ್ರದರ್ಶನಕ್ಕಾಗಿ, ಜನರ ಬಾಯಲ್ಲಿ ಹೊಗಳಿಸಿಕೊಳ್ಳುವುದಕ್ಕಾಗಿ, ಪರಸ್ತ್ರೀಯರ ಗಮನ ಸೆಳೆಯುವುದಕ್ಕಾಗಿ ಹಚ್ಚಿಕೊಂಡರೆ ಅದೇ ಸುಗಂಧ ಪಾಪವಾಗುತ್ತದೆ. ಸುನ್ನತ್ತಿನ ಅನುಸರಣೆ, ಮಸೀದಿಯ ಗೌರವ, ಪಕ್ಕದಲ್ಲಿ ಕುಳಿತವರ ನೆಮ್ಮದಿ ಇವುಗಳಿಗಾಗಿ ಹಚ್ಚಿಕೊಂಡರೆ ಆರಾಧನೆಯಾಗುತ್ತದೆ ಎಂಬುದು ಅವರ ವಿವರಣೆಯ ಸಾರ. ಕೆಟ್ಟ ವಾಸನೆಯಿಂದಾಗಿ ಇತರರು ನಮ್ಮ ಬಗ್ಗೆ ಗೀಬತ್ ಆಡುವುದನ್ನು ತಪ್ಪಿಸಿ, ಅವರನ್ನು ಆ ಪಾಪದಿಂದ ಉಳಿಸುವುದೂ ಒಂದು ನಿಯ್ಯತ್ ಆಗಬಹುದೆಂದು ಅವರು ಸೂಚಿಸುತ್ತಾರೆ.

ಫಿಕ್ಹ್ ಗ್ರಂಥಗಳಲ್ಲಿ ಈ ಎಣ್ಣೆಯ ಚರ್ಚೆ ಹೆಚ್ಚು ಬರುವುದು ಹಜ್ಜಿನ ಅಧ್ಯಾಯದಲ್ಲಿ. ಇಹ್ರಾಮಿನಲ್ಲಿರುವವರಿಗೆ ಸುಗಂಧ ನಿಷಿದ್ಧವೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಆದ್ದರಿಂದ ಪರಿಮಳದ ಲೋಷನ್ ಆಗ ಸಲ್ಲದು. ಪರಿಮಳವಿಲ್ಲದ ಎಣ್ಣೆಯ ವಿಷಯವೇನು? ಮರ್ಗೀನಾನಿ (ನಿಧನ 1197) ತಮ್ಮ ಹಿದಾಯದಲ್ಲಿ ಇದನ್ನು ವಿವರವಾಗಿ ಎತ್ತಿಕೊಂಡಿದ್ದಾರೆ. ಆಲಿವ್ ಎಣ್ಣೆ ಹಚ್ಚಿಕೊಂಡರೆ ಇಮಾಮ್ ಅಬೂಹನೀಫಾ ಅವರ ಪ್ರಕಾರ ಬಲಿಯ ಪ್ರಾಯಶ್ಚಿತ್ತವಿದೆ. ಏಕೆಂದರೆ ಎಣ್ಣೆ ಸುಗಂಧದ ಮೂಲದ್ರವ್ಯ, ಅದು ಕೂದಲನ್ನು ಮೃದುಗೊಳಿಸಿ ಇಹ್ರಾಮಿನ ಕೆದರಿದ ಸ್ಥಿತಿಯನ್ನು ಹೋಗಲಾಡಿಸುತ್ತದೆ. ಅವರ ಇಬ್ಬರು ಶಿಷ್ಯರು ಸದಕ ಸಾಕೆಂದರು. ಇಮಾಮ್ ಶಾಫಿಈ ಅವರು ಕೂದಲಿಗೆ ಹಚ್ಚಿದರೆ ಬಲಿ, ಮೈಯ ಉಳಿದ ಭಾಗಕ್ಕಾದರೆ ಏನೂ ಇಲ್ಲ ಎಂದರು. ನಮ್ಮ ಒಳನಾಡಿನ ಹನಫಿ ಮನೆಯವರೂ ಕರಾವಳಿಯ ಶಾಫಿಈ ಮನೆಯವರೂ ಹಜ್ಜಿಗೆ ಒಂದೇ ವಿಮಾನದಲ್ಲಿ ಹೋಗುತ್ತಾರೆ. ಒಬ್ಬರು ಮೊಣಕೈಗೆ ಹಚ್ಚುವ ಎಣ್ಣೆಯನ್ನು ಕಂಡು ಇನ್ನೊಬ್ಬರು ಹುಬ್ಬೇರಿಸದಿರಲು ಈ ವ್ಯತ್ಯಾಸ ತಿಳಿದಿರಬೇಕು. ಆದರೆ ಗಾಯಕ್ಕೋ ಬಿರಿದ ಪಾದಗಳಿಗೋ ಮದ್ದಾಗಿ ಎಣ್ಣೆ ಹಚ್ಚಿದರೆ ಯಾವ ಪ್ರಾಯಶ್ಚಿತ್ತವೂ ಇಲ್ಲವೆಂದು ಅದೇ ಹಿದಾಯ ಹೇಳುತ್ತದೆ. ಎಂಟು ಶತಮಾನಗಳ ಹಿಂದಿನ ಹಾಜಿಗಳ ಬಿರಿದ ಹಿಮ್ಮಡಿಗಳನ್ನು ನೆನೆದು ಬರೆದ ಮಾತಿನಂತೆ ಅದು ಕೇಳಿಸುತ್ತದೆ.

ವುಝೂ ವಿಷಯದಲ್ಲಿ ಮನೆಗಳಿಂದ ಆಗಾಗ ಪ್ರಶ್ನೆ ಬರುವುದರಿಂದ ಅದನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ. ಚರ್ಮಕ್ಕೆ ಇಳಿದ ಎಣ್ಣೆಯ ಜಿಡ್ಡಿನ ಮೇಲೆ ನೀರು ಹರಿದರೆ ವುಝೂ ಸಿಂಧು. ನೀರು ಚರ್ಮಕ್ಕೆ ತಲುಪದಂತೆ ತಡೆಯುವ ಮೇಣದಂತಹ ದಪ್ಪ ಪದರವಿದ್ದರೆ ಮಾತ್ರ ಅದನ್ನು ತೆಗೆಯಬೇಕು. ಗ್ಲಿಸರಿನ್ ಸಸ್ಯಮೂಲದ್ದೋ ಪ್ರಾಣಿಮೂ‌ಲದ್ದೋ ಎಂಬುದನ್ನು ಬಾಟಲಿಯ ಬರಹದಿಂದ ತಿಳಿಯಬೇಕು. ಆಲ್ಕೋಹಾಲ್ ಕುರಿತು ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯಗಳಿವೆ. ತಾವು ನಂಬುವ ಆಲಿಮರನ್ನು ಕೇಳಿ ನಡೆಯುವುದು ಲೇಸು. ಮಹಿಳೆಯರು ಪರಿಮಳ ಹರಡುವಂತೆ ಹಚ್ಚಿಕೊಂಡು ಪರಪುರುಷರ ನಡುವೆ ಹೋಗುವುದನ್ನು ಹದೀಸ್ ತಡೆದಿದೆ. ಮನೆಯೊಳಗೆ ಆ ನಿರ್ಬಂಧವಿಲ್ಲ.

ಹಜ್ಜಿನ ಪ್ರಸ್ತಾಪ ಬಂದುದರಿಂದ ಇನ್ನೊಂದು ಘಟನೆ. ಅರಫಾದಲ್ಲಿ ಒಬ್ಬರು ಒಂಟೆಯಿಂದ ಬಿದ್ದು ಇಹ್ರಾಮಿನಲ್ಲಿಯೇ ತೀರಿಕೊಂಡರು. ಅವರನ್ನು ನೀರು ಮತ್ತು ಬೋರೆ ಎಲೆಯಿಂದ ಸ್ನಾನ ಮಾಡಿಸಿರಿ, ಅವರದೇ ಬಟ್ಟೆಗಳಲ್ಲಿ ಕಫನ್ ಮಾಡಿರಿ, ಸುಗಂಧ ಹಚ್ಚಬೇಡಿರಿ, ತಲೆ ಮುಚ್ಚಬೇಡಿರಿ ಎಂದು ಪ್ರವಾದಿವರ್ಯರು(ಸ) ಆದೇಶಿಸಿದರು. ಪುನರುತ್ಥಾನದ ದಿನ ಅವರು ತಲ್ಬಿಯಾ ಹೇಳುತ್ತಲೇ ಎದ್ದು ಬರುವರೆಂದು ತಿಳಿಸಿದರು. ಉಳಿದ ಮಯ್ಯಿತ್‌ಗಳಿಗೆ ಸುಗಂಧ ಹಚ್ಚುವ ರೂಢಿ ಅಂದೇ ಇತ್ತೆಂಬುದು ಇದರಿಂದ ತಿಳಿಯುತ್ತದೆ. ತಮ್ಮ ಮಗಳು ತೀರಿಕೊಂಡಾಗ ಪ್ರವಾದಿವರ್ಯರು(ಸ) ಸ್ನಾನ ಮಾಡಿಸುತ್ತಿದ್ದ ಮಹಿಳೆಯರ ಬಳಿಗೆ ಬಂದರು. ಮೂರು ಬಾರಿ, ಐದು ಬಾರಿ, ಅಗತ್ಯವೆನಿಸಿದರೆ ಅದಕ್ಕೂ ಹೆಚ್ಚು ಬಾರಿ ನೀರೆರೆಯಿರಿ, ಕೊನೆಯ ನೀರಿಗೆ ಕರ್ಪೂರ ಸೇರಿಸಿರಿ, ಮುಗಿದ ಮೇಲೆ ನನಗೆ ತಿಳಿಸಿರಿ ಎಂದರು. ಮುಗಿದಾಗ ತಿಳಿಸಿದರು. ಅವರು ತಾವು ಉಟ್ಟಿದ್ದ ಬಟ್ಟೆಯನ್ನು ತೆಗೆದುಕೊಟ್ಟು, ಮಗಳ ಮೈಗೆ ತಾಗುವಂತೆ ಅದನ್ನು ಮೊದಲು ಹೊದಿಸಿರಿ ಎಂದು ಹೇಳಿದರು. ಇದನ್ನು ನಮಗೆ ತಲುಪಿಸಿದವರು ಅಂದು ಆ ನೀರನ್ನು ಎರೆದವರಲ್ಲಿ ಒಬ್ಬರಾದ ಉಮ್ಮು ಅತಿಯ್ಯಾ(ರ).